ಗಾಜಿನಾಚೆಯ ಬಿಸಿಲು

ದುಬೈಯಲ್ಲಿ ಬಿಸಿಲಿಗೆ ಬರವೆಂದರೆ ಯಾರಾದರೂ ನಕ್ಕಾರು. ರಾಜೀವಿಯೂ ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು. ಮೊಮ್ಮಗಳು ಅಶ್ಮಿತಾಳಿಗೆ ಒಂದೂವರೆ ವರ್ಷ ಕಳೆದರೂ ನಿಲ್ಲಲು ಬರುತ್ತಿರಲಿಲ್ಲ. ನಿಲ್ಲಿಸಿದರೆ ಕಾಲು ಬಾಗಿ ಕುಸಿಯುತ್ತಿತ್ತು. ಅದಕ್ಕೆಂದೇ ಮಗ ರಂಜಿತ್ ತಾಯಿಯನ್ನು ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಅಲ್ ನಹ್ದಾ ಬಡಾವಣೆಯ ಫ್ಲ್ಯಾಟಿಗೆ ಕರೆಸಿಕೊಂಡದ್ದು.

ರಾಜೀವಿ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದಿನಾ ಬೆಳಿಗ್ಗೆ ಮಗುವಿಗೆ ತೆಂಗಿನೆಣ್ಣೆ ತಿಕ್ಕಿ, ಹಾಲ್‌ನ ದೊಡ್ಡ ಕಿಟಕಿಯ ಪಕ್ಕ ಚಾಪೆ ಹಾಸಿ ಬಿಸಿಲಿಗೆ ಮಲಗಿಸುವಳು. ಊರಲ್ಲಾದರೆ ಅಂಗಳವಿತ್ತು, ಹತ್ತನೇ ಮಾಳಿಗೆಗೆ ಅಂಗಳ ಎಲ್ಲಿಂದ ತರುವುದು? ಹೊರಗೆ ಧೂಳು, ಒಳಗೆ ಎ.ಸಿ., ನಡುವೆ ಗಾಜು. ಕೇರಿಯ ಎಷ್ಟೋ ಮಕ್ಕಳನ್ನು ಹೀಗೇ ಗಟ್ಟಿ ಮಾಡಿದ ಕೈ ತನ್ನದೆಂಬ ಜಂಬ ಅವಳಿಗೆ ಕಡಿಮೆಯೇನೂ ಇರಲಿಲ್ಲ.

ಆದರೂ ಮಗು ನಿಲ್ಲಲಿಲ್ಲ. ಕೊನೆಗೆ ಕ್ಲಿನಿಕ್ಕಿಗೆ ಹೋದರು. ಕರಾವಳಿಯವರೇ ಆದ ಡಾಕ್ಟರ್ ಜೆರಾಲ್ಡ್ ರಕ್ತದ ವರದಿ ನೋಡಿ, ವಿಟಮಿನ್ ಡಿ ತೀರಾ ಕಡಿಮೆ, ಹನಿ ಔಷಧ ತಪ್ಪಿಸಬೇಡಿ, ಬಿಸಿಲೂ ಬೇಕು ಎಂದರು. ದಿನಾ ಕಿಟಕಿಯ ಬಿಸಿಲಿಗೆ ಹಾಕುತ್ತೇನಲ್ಲ ಎಂದು ರಾಜೀವಿ ಜಗಳಕ್ಕೇ ನಿಂತಳು.

"ಗಾಜಿನೊಳಗೆ ಬರೀ ಬೆಚ್ಚಗೆ ಆಗ್ತದೆ ಅಮ್ಮ," ಎಂದರು ಡಾಕ್ಟರು ಮೆಲ್ಲಗೆ. "ಎಲುಬಿಗೆ ಬೇಕಾದ್ದು ಹೊರಗೇ ಉಳೀತದೆ."

ರಾಜೀವಿಯ ತಲೆ ತಗ್ಗಿತು. ತಲೆಯೆತ್ತಲಾರದವಳಿಗೆ ಡಾಕ್ಟರು ಗೋಡೆಯ ಮೇಲಿನ ಹಳೆಯ ಫೋಟೋ ತೋರಿಸಿದರು. ನೂರು ವರ್ಷದ ಹಿಂದಿನ ಯಾವುದೋ ಚಳಿದೇಶದ ಆಸ್ಪತ್ರೆ. ಚಡ್ಡಿ ಮಾತ್ರ ತೊಟ್ಟ ಮಕ್ಕಳು ಕಪ್ಪು ಕನ್ನಡಕ ಹಾಕಿಕೊಂಡು ದೊಡ್ಡ ದೀಪವೊಂದರ ಸುತ್ತ ನಿಂತಿದ್ದರು. ಸೂರ್ಯ ಕಾಣದ ಊರಲ್ಲಿ, ಎಲುಬು ಮೆತ್ತಗಾದ ಮಕ್ಕಳಿಗೆ ದೀಪವೇ ಸೂರ್ಯನಾಗಿತ್ತಂತೆ.

ಅಂದು ಮಧ್ಯಾಹ್ನ ಮಗುವಿನ ಪಕ್ಕ ಒರಗಿದ ರಾಜೀವಿಗೆ ಜೊಂಪು ಹತ್ತಿತು. ಹಾಲ್‌ನ ನಡುವೆ ಫೋಟೋದ ಆ ದೀಪ ಗುಂಯ್‌ಗುಡುತ್ತಿತ್ತು. ಮಕ್ಕಳು ಕೈ ಕೈ ಹಿಡಿದು ನಿಂತಿದ್ದರು, ನಡುವೆ ಒಬ್ಬರಿಗೆ ಮಾತ್ರ ಜಾಗ ಬಿಟ್ಟಿದ್ದರು. ಅಶ್ಮಿತಾಳನ್ನು ಎತ್ತಿಕೊಂಡು ರಾಜೀವಿ ಆ ಜಾಗಕ್ಕೆ ನುಗ್ಗಿದಳು. ಕನ್ನಡಕದ ಹುಡುಗಿಯೊಬ್ಬಳು ತಿರುಗಿ, "ಅಜ್ಜಿ, ಸ್ವಲ್ಪ ಸರೀರಿ. ಬೆಳಕಿಗೆ ಅಡ್ಡ ನಿಂತಿದ್ದೀರಿ," ಎಂದಳು.

ಎಕ್ಸ್‌ಪೋ ಎಂಬ ಜಾಗತಿಕ ಮೇಳ ನಡೆಸುವ ಅವಕಾಶ ಸಿಕ್ಕಿತೆಂದು ದುಬೈಯಿಡೀ ಪಟಾಕಿ ಸುಟ್ಟ ಚಳಿಗಾಲ ಅದು, ಬಿಸಿಲು ಹದವಾಗಿತ್ತು. ಮರುದಿನದಿಂದ ಹನಿ ಔಷಧ ಕುಡಿಸಿ, ಬಿಸಿಲೇರುವ ಹೊತ್ತಿಗೆ ಮಗುವನ್ನು ಬಿಲ್ಡಿಂಗಿನ ಹಿಂದಿನ ಖಾಲಿ ಮರಳಿನ ಜಾಗಕ್ಕೆ ಒಯ್ಯತೊಡಗಿದಳು. ಸೊಸೆಯ ಕಪ್ಪು ಕನ್ನಡಕ ಮಗುವಿನ ಮೂಗಿನಿಂದ ಜಾರುತ್ತಿತ್ತು. ವಾರಗಳು ಉರುಳಿದವು. ವೀಸಾ ಮುಗಿಯುತ್ತ ಬಂತು.

ಹೊರಡುವ ಹಿಂದಿನ ದಿನ ಮಗು ಮರಳಲ್ಲಿ ಕೂತು ಕೈ ಚಾಚಿತು. ಎತ್ತಿಕೊಳ್ಳಲು ಬಾಗಿದ ರಾಜೀವಿಗೆ ತನ್ನ ನೆರಳು ಮಗುವನ್ನು ಪೂರ್ತಿ ಮುಚ್ಚಿದ್ದು ಕಂಡಿತು. ಚಾಚಿದ ಕೈ ಹಿಂದೆಳೆದುಕೊಂಡು ಪಕ್ಕಕ್ಕೆ ಸರಿದಳು. ಮಗು ಎರಡೂ ಕೈ ನೆಲಕ್ಕೂರಿ, ಅಂಡು ಮೇಲೆತ್ತಿ, ಓಲಾಡುತ್ತ ಎದ್ದು ನಿಂತಿತು.

"ಕಮ್," ಎಂದಿತು.

ನಾಳೆ ಈ ಹೊತ್ತಿಗೆ ತಾನಿಲ್ಲಿ ಇರುವುದಿಲ್ಲವೆಂದು ಅದಕ್ಕೆ ಹೇಗೆ ಹೇಳುವುದು? ರಾಜೀವಿ ಬಿಸಿಲಲ್ಲೇ ಕುಕ್ಕರುಗಾಲಲ್ಲಿ ಕೂತು ತೋಳು ಚಾಚಿದಳು.

"ನೀನೇ ಬಾ, ಮಗಾ."

ಮಗು ಬಂತು.