ಮುತ್ತುಗದ ಮರದ ಹಗ್ಗ

ಹೆಮ್ಮರಗಾಲದಾಚೆಯ ಗುಡ್ಡದ ಕಾಡನ್ನು ಅರಣ್ಯ ಇಲಾಖೆಯವರು ಊರಿನ ಸಮಿತಿಗೆ ಒಪ್ಪಿಸಿದ ಮೇಲೆ ಗಾರ್ಡನ ಕಾಟ ತಪ್ಪಿತು. ಮುಂಚೆ ಅವನ ಕೈಗೊಂದು ಕೋಳಿ ಕೊಟ್ಟರೆ ಒಂದು ಹೊರೆ ಸೌದೆ ಬರುತ್ತಿತ್ತು. ಈಗ ದಿನಕ್ಕೊಂದು ಮನೆಯವರು ಸರದಿಯ ಮೇಲೆ ಕಾಯಬೇಕು. ಸೌದೆ ಕಡಿದು ಸಿಕ್ಕಿಬಿದ್ದವರ ಹೊರೆ ಕಟ್ಟುವ ಹಗ್ಗವನ್ನು ಕಾಡಿನ ಬಾಯಲ್ಲಿರುವ ಮುತ್ತುಗದ ಮರಕ್ಕೆ ಬಿಗಿಯುವುದು. ಅವರು ಜನರ ಮುಂದೆ ತಪ್ಪೊಪ್ಪಿಕೊಂಡು ತಾವೇ ಬಿಚ್ಚಿಕೊಳ್ಳುವುದು. ಊರೇ ಮಾಡಿದ ಕಟ್ಟಳೆ.

ತನ್ನ ಸರದಿಯ ದಿನ ಪಕ್ಕದ ಮನೆಯ ಮುದುಕಿ ಚಿಕ್ಕಬಸಮ್ಮನನ್ನು ಹಿಡಿದವಳು ಶಾಲಿನಿ.

"ಗಾರ್ಡಾಗಿದ್ರೆ ಕಾಲ್ ಇಡ್ಕೊಂಡು ಬೇಡ್ಕೊಬೋದಿತ್ತು. ನಿನ್ ಕಾಲ ಎಂಗಿಡ್ಕೊಳ್ಳೇ, ನಾನೆತ್ತಾಡ್ಸಿದ ಮಗ ನೀನು?" ಎಂದು ಮುದುಕಿ ನಕ್ಕಳು. ಶಾಲಿನಿ ಅವಳ ಹಗ್ಗವನ್ನು ಮರಕ್ಕೆ ಬಿಗಿದಳು.

ಚಿಕ್ಕಬಸಮ್ಮ ಬಿಚ್ಚಿಕೊಳ್ಳಲು ಬರಲೇ ಇಲ್ಲ. ಸೌದೆಯಿಲ್ಲದೆ ಮಳೆಗಾಲವಿಡೀ ಒದ್ದೆ ಜೋಳದ ದಂಟು ಊದಿ ಊದಿ, ತಣ್ಣಗಾದ ಒಲೆಯ ಪಕ್ಕದಲ್ಲೇ ಕಣ್ಣು ಮುಚ್ಚಿದಳು.

ಅಲ್ಲಿಂದೀಚೆಗೆ ಕಾವಲಿಗೆ ಹೋದವರಿಗೆಲ್ಲ ಗುಡ್ಡದ ಮೇಲೆ ಒಣಕೊಂಬೆ ಎಳೆಯುವ ಸದ್ದು ಕೇಳತೊಡಗಿತು. ಹಗ್ಗವಿಲ್ಲದೆ ಹೊರೆ ಕಟ್ಟಲಾಗದೆ ಮುದುಕಿ ಅಲೆಯುತ್ತಿದ್ದಾಳೆ ಎಂದರು. ವರ್ಷಗಳು ಕಳೆದಂತೆ ಕಾಡೇನೋ ಚೆನ್ನಾಗಿಯೇ ದಟ್ಟವಾಯಿತು. ತನ್ನ ಸರದಿಗೆಲ್ಲ ಅಣ್ಣನನ್ನೇ ಅಟ್ಟುತ್ತಿದ್ದ ಶಾಲಿನಿಗೆ ಈ ಸಲ ದಾರಿಯಿರಲಿಲ್ಲ. ಅವನಿಗೆ ತಾಂಡ್ಯದಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕಿತ್ತು. ಸಮಿತಿಯ ಅಧ್ಯಕ್ಷ ಶಂಭುಲಿಂಗಪ್ಪನ ಮುಂದೆ ಹೋಗಿ ನಿಂತಳು.

"ಆ ಹಗ್ಗ ಬಿಚ್ಸಿ ಸಾ."

"ರೂಲ್ಸು ಕಣವ್ವ. ಯಾರದ್ದೋ ಅವ್ರೇ ಬಿಚ್ಬೇಕು. ಓಗಿ ಕರ್ಕಬಾ!"

ಕೂತಿದ್ದವರೆಲ್ಲ ನಕ್ಕರು. ಮುದುಕಿಯ ಮಗ ಕೃಷ್ಣಕುಮಾರ್ ಮಾತ್ರ ನಗಲಿಲ್ಲ. "ನಾನ್ ಬಿಚ್ಚುದ್ರೆ ನಮ್ಮವ್ವನ್ನ ಕಳ್ಳಿ ಅಂತ ಒಪ್ಕೊಂಡಂಗೆ. ಕಟ್ದೋಳು ನೀನು," ಎಂದು ಎದ್ದು ಹೋದ.

ಮಾರನೆಯ ಬೆಳಿಗ್ಗೆ ಶಾಲಿನಿ ಒಬ್ಬಳೇ ಗುಡ್ಡಕ್ಕೆ ಹೋದಳು. ಬಿಚ್ಚಲು ಗಂಟೇ ಕಾಣಲಿಲ್ಲ. ಯಾರೂ ಕಡಿಯದ ಮರ ದಪ್ಪಗಾಗಿ ತೊಗಟೆಯೊಳಕ್ಕೆ ಹಗ್ಗವನ್ನು ನುಂಗಿತ್ತು. ಕಾಡಿಗೆ ಕಬ್ಬಿಣ ತರಬಾರದೆಂಬುದೂ ಕಟ್ಟಳೆಯೇ. ಆದರೂ ಸೊಂಟದಲ್ಲಿ ಮುಚ್ಚಿಟ್ಟುಕೊಂಡಿದ್ದ ಕುಡುಗೋಲು ತೆಗೆದಳು. ಕೊಯ್ದಲ್ಲೆಲ್ಲ ಕೆಂಪು ಅಂಟು ಒಸರಿ ಬೆರಳಿಗೆ ಮೆತ್ತಿತು.

ಹಗ್ಗ ತುಂಡುತುಂಡಾಗಿ ಕೈಗೆ ಬರುವಷ್ಟರಲ್ಲಿ ಕೊಂಬೆ ಎಳೆಯುವ ಸದ್ದು ಇಳಿಜಾರು ಇಳಿದು ಬಂತು. ಅವಳ ಬೆನ್ನಿಗೇ ಬಂದು ನಿಂತಿತು.

"ತಪ್ಪಾಯ್ತು ಕಣಜ್ಜಿ."

ಹಿಂದೆ ಉಸಿರೂ ಇಲ್ಲ, ಹೆಜ್ಜೆಯೂ ಇಲ್ಲ. ಹೋದಂತೆಯೂ ಇಲ್ಲ.

ತುಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ ತಿರುಗದೆಯೇ ಹಿಂದಕ್ಕೆ ಚಾಚಿದಳು. ಯಾರೋ ತೆಗೆದುಕೊಂಡರು. ಹೊರೆ ಬಿಗಿಯುವ ಕಿರುಗುಟ್ಟುವಿಕೆ ಕೇಳಿತು. ಆದರೂ ಹೊರೆ ನೆಲದಿಂದ ಎದ್ದ ಸದ್ದಿಲ್ಲ.

ತುಂಬಿದ ಹೊರೆಯನ್ನು ಯಾವ ಹೆಂಗಸೂ ಒಬ್ಬಳೇ ತಲೆಗೇರಿಸಲಾರಳು. ಇನ್ನೊಬ್ಬಳು ಕೈಕೊಡಬೇಕು. ಶಾಲಿನಿ ಕಣ್ಣು ಮುಚ್ಚಿ ತಿರುಗಿದಳು, ಬಗ್ಗಿದಳು. ಕೈಗೆ ಭಾರ ಸಿಕ್ಕಿತು.

ಎತ್ತಿದಳು.