ಒಂಬತ್ತನೇ ಕೋಣೆಯ ಹಾಸಿಗೆಗಳು

ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಣ್ಣವಿಲ್ಲದೆ ಸುಖವಿಲ್ಲ. ಗಾದೆ ಕೆಡಿಸಿದೆ ಎಂದು ಬೈಯಬೇಡಿ. ನಮ್ಮೂರ ಹಳೇ ಜೈಲನ್ನು ಪ್ರವಾಸಿಗರಿಗೆ ತೆರೆದ ದಿನ ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ, ಒಂದಕ್ಷರ ಸುಳ್ಳಿಲ್ಲ.

ನಾನು ಅಲ್ಲಿ ಗೈಡು. ಎಂ.ಎ. ಮಾಡಿ ಕೊನೆಗೆ ಜೈಲು ಸೇರಿದ ಎಂದು ಅಮ್ಮ ನೆಂಟರ ಮುಂದೆ ಹಲುಬುತ್ತಾಳೆ. ವ್ಯವಸ್ಥಾಪಕರು ಬರೆದುಕೊಟ್ಟ ಆರು ಪುಟಗಳನ್ನು ಗಿಳಿಪಾಠ ಒಪ್ಪಿಸುವುದೇ ಕೆಲಸ. ನಾಲ್ಕನೇ ಪುಟದಲ್ಲಿ ಹೀಗಿತ್ತು: ‘ಒಂಬತ್ತನೇ ಕೋಣೆ. ಕೈದಿಗಳ ಹಾಸಿಗೆಗಳ ದಾಸ್ತಾನು.’

ಆ ಕೋಣೆಗೆ ಕಿಟಕಿಯೇ ಇಲ್ಲ. ಗಿರಣಿ ಮುಷ್ಕರದಲ್ಲಿ ಸಿಕ್ಕಿಬಿದ್ದ ನಮ್ಮ ಚಿಕ್ಕಪ್ಪ ಅಲ್ಲಿ ನಲವತ್ತೊಂದು ದಿನ ಕತ್ತಲಲ್ಲಿ ಕೊಳೆತಿದ್ದ. ದಿನಕ್ಕೊಂದರಂತೆ ಅವನು ಉಗುರಲ್ಲಿ ಗೀರಿದ ಗೆರೆಗಳ ಮೇಲೆ ಈಗ ಎರಡು ಕೋಟು ಸುಣ್ಣ.

ಚಿಕ್ಕಪ್ಪ ವ್ಯವಸ್ಥಾಪಕರ ಬಾಗಿಲಿಗೆ ಅಲೆದ.

“ಒಂದೇ ಒಂದು ವಾಕ್ಯ ಸೇರಿಸಿ ಸ್ವಾಮಿ. ಇಲ್ಲಿ ಮನುಷ್ಯರನ್ನ ಇಡ್ತಿದ್ರು ಅಂತ. ನನ್ನ ಹೆಸರೂ ಬೇಡ.”

“ದಾಖಲೆ ಇದೆಯಾ ಯಜಮಾನ್ರೇ?”

“ದಾಖಲೆ ಎಲ್ಲಾ ನಿಮ್ಮೋರೇ ಸುಟ್ಟಾಕಿದ್ರಲ್ಲ!”

“ನೋಡಿ, ಜನ ಹೆಂಡ್ತಿ ಮಕ್ಕಳ ಜೊತೆ ಬರ್ತಾರೆ, ಫೋಟೋ ತೆಗೆಸ್ಕೊಳ್ತಾರೆ. ಅವರ ಮೂಡು ಯಾಕೆ ಕೆಡಿಸ್ಬೇಕು? ವಯಸ್ಸಾದ್ಮೇಲೆ ನೆನಪು ಹೆಚ್ಚುಕಮ್ಮಿ ಆಗತ್ತೆ ಬಿಡಿ.”

ಸುಳ್ಳುಗಾರ ಎಂದಿದ್ದರೆ ಸಹಿಸುತ್ತಿದ್ದನೇನೋ. ಅರಳುಮರುಳು ಎಂದುಬಿಟ್ಟರಲ್ಲ! ಆ ರಾತ್ರಿ ಚಿಕ್ಕಪ್ಪ ಊಟ ಬಿಟ್ಟ. ನನಗೆ ಮೈಯೆಲ್ಲ ಉರಿ.

ಮೊದಲ ದಿನದ ಮೊದಲ ತಂಡದಲ್ಲೇ ಚಿಕ್ಕಪ್ಪ ಬಂದ, ಜೊತೆಗೆ ಜೈಲುಗೆಳೆಯರಾದ ಇನ್ನಿಬ್ಬರು ಮುದುಕರು. ಅಂದು ವ್ಯವಸ್ಥಾಪಕರದೇ ಮಾತು, ನಾನು ಬರೀ ಹಿಂಬಾಲಕ. ಒಂಬತ್ತನೇ ಕೋಣೆಯ ಮುಂದೆ ನಿಂತು ಅವರು, “ಶಿಕ್ಷೆಯ ಕೋಣೆ ಅಂತ ಇಲ್ಲಿ ಇರಲೇ ಇಲ್ಲ. ಕೈದಿಗಳು ಮನೆಮಕ್ಕಳ ಥರ ಇದ್ರು,” ಎಂದರು.

ಮನೆಮಕ್ಕಳಂತೆ!

ಹಳೇ ಜೈಲರನ ಕಫಗಟ್ಟಿದ ದನಿ ನನಗೆ ಬಾಯಿಪಾಠ. ಚಿಕ್ಕಪ್ಪನೇ ಮನೆಯಲ್ಲಿ ಅಣಕಿಸಿ ಕಲಿಸಿದ್ದು. ಸಂಜೆಯ ಎಣಿಕೆಗೆ ಆತ “ಜೋಡೀ… ಕೂರ್!” ಎಂದು ಗದರಿದರೆ ಕೈದಿಗಳು ಇಬ್ಬಿಬ್ಬರಾಗಿ ಕುಕ್ಕರಗಾಲಲ್ಲಿ ಕೂತು, ಪಕ್ಕದವನ ಹೆಗಲ ಮೇಲೆ ಕೈ ಇಡಬೇಕು, ತಡವಾದರೆ ದೊಣ್ಣೆಯೇಟು. ವ್ಯವಸ್ಥಾಪಕರನ್ನು ಒಮ್ಮೆ ಬೆಚ್ಚಿಬೀಳಿಸೋಣ ಎಂದು ನಾನು ಮೆಲ್ಲಗೆ ಕೋಣೆಯೊಳಗೆ ನುಸುಳಿ, ಗಂಟಲ ತುಂಬ ಕಫ ತಂದುಕೊಂಡು ಕೂಗಿದೆ.

“ಜೋಡೀ… ಕೂರ್!”

ವ್ಯವಸ್ಥಾಪಕರು ಒಂದು ಮೊಳ ಹಾರಿದ್ದು ನಿಜ. ಆದರೆ ಹೊರಗೆ ಇಣುಕಿದರೆ ಮೂವರು ಮುದುಕರೂ ನೆಲದ ಮೇಲೆ ಕುಕ್ಕರಗಾಲಲ್ಲಿ! ಒಬ್ಬರ ಊರುಗೋಲು ಇನ್ನೂ ಉರುಳುತ್ತಿತ್ತು. ಗೆಳೆಯರಿಬ್ಬರ ಕೈ ಒಬ್ಬರ ಹೆಗಲ ಮೇಲೊಬ್ಬರದು. ಚಿಕ್ಕಪ್ಪನ ಜೋಡಿಯವನು ಜೈಲಿನಲ್ಲೇ ತೀರಿಕೊಂಡಿದ್ದ. ಚಿಕ್ಕಪ್ಪನ ಎಡಗೈ ಬರೀ ಗಾಳಿಯ ಮೇಲೆ ನಿಂತಿತ್ತು.

ನಾಲಿಗೆ ಕಚ್ಚಿಕೊಂಡೆ. ಯಾರಿಗೆ ತೋಡಿದ ಹಳ್ಳಕ್ಕೆ ಯಾರನ್ನು ಬೀಳಿಸಿದೆ!

ಫೋಟೋ ತೆಗೆಯುತ್ತಿದ್ದವರ ಕೈಗಳು ಕೆಳಗಿಳಿದವು. ಟೀಚರಮ್ಮ ಒಬ್ಬರು ಕೇಳಿದರು, “ಸಾರ್, ಈ ಕೋಣೇಲಿ ನಿಜವಾಗ್ಲೂ ಏನಿಡ್ತಿದ್ರು?”

ವ್ಯವಸ್ಥಾಪಕರು ಪುಟ ತಿರುವಿದರು. ಮತ್ತೆ ತಿರುವಿದರು.

“ನನ್ನನ್ನ ಇಡ್ತಿದ್ರು ತಾಯಿ,” ಎಂದ ಚಿಕ್ಕಪ್ಪ ಕೂತಲ್ಲಿಂದಲೇ. “ದಾಖಲೆ ಬೇಕಂತೆ ಇವ್ರಿಗೆ. ಇಗೋ, ನನ್ನ ಮಂಡಿ! ಡಾಕ್ಟ್ರು ಎಷ್ಟು ಗೋಗರೆದ್ರೂ ಬಗ್ಗದ್ದು, ಆ ಜೈಲರ್ ಬಡ್ಡೀಮಗನ ಒಂದು ಕೂಗಿಗೆ ಮಡಚ್ಕೊಳ್ತು ನೋಡಿ!”

ಟೀಚರಮ್ಮ ವ್ಯವಸ್ಥಾಪಕರ ಕೈಯಿಂದ ಆ ಪುಟವನ್ನು ಎಳೆದುಕೊಂಡು, ಪೆನ್ನಿನ ಸಮೇತ ನನ್ನ ಕೈಗಿತ್ತು, “ಬರೀರಿ,” ಎಂದರು. ಹಾಸಿಗೆಗಳನ್ನು ಹೊಡೆದುಹಾಕಿ ಬರೆದೆ: ‘ಇಲ್ಲಿ ಮನುಷ್ಯರನ್ನು ಇಡುತ್ತಿದ್ದರು.’

“ಲೋ ಕಪಿ,” ಚಿಕ್ಕಪ್ಪ ನನ್ನತ್ತ ತಿರುಗಿದ, “ಕಫ ಸ್ವಲ್ಪ ಜಾಸ್ತಿ ಆಯ್ತು ಕಣೋ.” ಆಮೇಲೆ ತನ್ನ ಎಡಪಕ್ಕದ ನೆಲ ತಟ್ಟಿದ. “ಬನ್ನಿ ವ್ಯವಸ್ಥಾಪಕ್ರೇ, ಕೂತ್ಕೊಳ್ಳಿ. ನಂಗೆ ಜೋಡಿ ಇಲ್ಲ. ಒಂದು ತಲೆ ಕಮ್ಮಿಯಾದ್ರೂ ಎಣಿಕೆ ಮುಗಿಯಲ್ಲ!”

ಯಾರೋ ಕಿಸಕ್ಕೆಂದರು. ಮುದುಕರಿಬ್ಬರು ಕೆಮ್ಮುತ್ತ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಚಿಕ್ಕಪ್ಪನೋ, ಮಂಡಿ ಹಿಡಿದುಕೊಂಡು ಏಳಲಾಗದೆ, ನೆಲ ಬಡಿದು ಬಡಿದು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.