ಆರಬೇಕಾಗಿದ್ದ ದೀಪ

ನಾನು ಒಂದು ಟೆಂಪೋದ ಹಿಂದಿನ ಕೆಂಪು ದೀಪ. ಹುಟ್ಟಿದ್ದು ಕಾರ್ಖಾನೆಯ ಅಚ್ಚಿನಲ್ಲಿ. ಕಾಯಿಸಿದ ಪ್ಲಾಸ್ಟಿಕ್ಕನ್ನು ಸುರಿದು ಒತ್ತಿದರು, ತಣ್ಣಗಾದ ಮೇಲೆ ಹೊಟ್ಟೆಯೊಳಗೊಂದು ಬಲ್ಬ್ ಸಿಕ್ಕಿಸಿದರು. ಶಿಡ್ಲಘಟ್ಟದ ಕಡೆಯ ಪಿಳ್ಳಣ್ಣ ಹೊಸ ಟೆಂಪೋ ತಂದಾಗ ನಾನು ಅದರ ಬೆನ್ನಿಗೆ ಅಂಟಿಕೊಂಡಿದ್ದೆ. ಮುಂದೆ ಏನಿದೆಯೆಂದು ಆಗ ಒಂದು ದಿನವೂ ಕಂಡಿರಲಿಲ್ಲ. ನನಗೆ ಕಾಣುತ್ತಿದ್ದುದು ಬಿಟ್ಟುಬಂದ ದಾರಿ ಮಾತ್ರ. ಆದರೂ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಹಿಂದೆ ಬರುವವರೆಲ್ಲ ನನ್ನನ್ನೇ ನೋಡುತ್ತಾರಲ್ಲ!

ಬೆಳಗಾಗುತ್ತಲೇ ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ಮಾರುಕಟ್ಟೆಗೆ ಮುಟ್ಟಿಸುವುದು ಪಿಳ್ಳಣ್ಣನ ಕೆಲಸ. ದಾರಿಯಲ್ಲೊಂದು ಕೆರೆ ಏರಿ. ಚಳಿಗಾಲದಲ್ಲಿ ಮೋಡವಿಲ್ಲದ, ಗಾಳಿ ಅಲುಗದ ರಾತ್ರಿ ಕಳೆಯಿತೆಂದರೆ ಅಲ್ಲಿ ಮಂಜು ಖಾತ್ರಿ. ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಕೆರೆಯಿಂದೆದ್ದ ತೇವವೆಲ್ಲ ಸಣ್ಣ ಹನಿಗಳಾಗಿ ಅಲ್ಲೇ ನಿಂತುಬಿಡುತ್ತದೆ. ನನ್ನ ಮುಖದ ಮೇಲೂ ಕೂರುತ್ತಿತ್ತು. ಪಿಳ್ಳಣ್ಣ ಇಳಿದು ಟವೆಲ್ಲಿನಿಂದ ಒರೆಸುತ್ತಿದ್ದ. ಮುಂದಿನ ಲೈಟ್ ಜೋರು ಮಾಡಿದರೆ ಮಂಜು ಅದನ್ನು ಕಣ್ಣಿಗೇ ವಾಪಸ್ ಹೊಡೆಯುತ್ತದೆಂದು ಡಿಮ್ ಮಾಡಿ, ಕಿಟಕಿ ಇಳಿಸಿ, ಎದುರಿನ ಸದ್ದಿಗೆ ಕಿವಿಗೊಟ್ಟು ನಿಧಾನವಾಗಿ ಓಡಿಸುತ್ತಿದ್ದ. ಅಂಥ ಜಾಣನೂ ಒಂದು ತಪ್ಪು ಮಾಡಿದ. ಅದರಲ್ಲಿ ನನ್ನದೇ ಪಾಲು ಹೆಚ್ಚು.

ಆ ದಿನ ನಾಲ್ಕು ಮಾರು ಆಚೆ ರಸ್ತೆಯೇ ಕಾಣದು. ಏರಿ ಮುಗಿದ ಕೂಡಲೇ ಪಿಳ್ಳಣ್ಣ ರಸ್ತೆಯಿಂದ ಪೂರ್ತಿ ಕೆಳಗಿಳಿದು, ಎಡಕ್ಕಿದ್ದ ರಾಗಿ ಕಣದಲ್ಲಿ ಗಾಡಿ ನಿಲ್ಲಿಸಿದ. ಸರಿಯಾದ ಕೆಲಸವೇ. ಆದರೆ, "ಲೈಟ್ ಉರೀತಿರ್ಲಿ, ಹಿಂದೆ ಬರೋರಿಗೆ ಗೊತ್ತಾಗ್ಲಿ" ಎಂದು ನನ್ನನ್ನು ಹಾಗೇ ಬಿಟ್ಟ. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟ. ನಾನೂ ಎದೆಯುಬ್ಬಿಸಿ ಉರಿದೆ.

ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವಳು ಆಂಜಿನಮ್ಮ, ನೂಲು ಬಿಚ್ಚುವವಳು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹಿಡಿಯುವ ಅವಳ ಬೆರಳುಗಳಿಂದಲೇ ಮನೆ ನಡೆಯುತ್ತಿತ್ತು. ರಸ್ತೆ ಕಾಣದೆ ಕಂಗಾಲಾಗಿದ್ದವಳಿಗೆ ನಾನು ಕಂಡೆ. ಟೆಂಪೋ ಮುಂದೆ ಹೋಗುತ್ತಿದೆ, ಅದು ಹೋದಲ್ಲೇ ರಸ್ತೆ ಎಂದುಕೊಂಡು, ತಪ್ಪಿಹೋಗಬಾರದೆಂದು ಇನ್ನಷ್ಟು ವೇಗ ಕೊಟ್ಟಳು. ಗಾಡಿ ಇಳಿಯುವ ಜಾಗವೊಂದನ್ನು ಬಿಟ್ಟರೆ, ರಸ್ತೆಗೂ ಕಣಕ್ಕೂ ನಡುವೆ ಉದ್ದಕ್ಕೂ ಕಲ್ಲಿನ ಮೋರಿಯಿತ್ತು. ಅವಳಿಗದು ಕಾಣಲಿಲ್ಲ. ನನಗೆ ಕಾಣುತ್ತಿತ್ತು. ನಾನು ಉರಿಯುತ್ತಲೇ ಇದ್ದೆ.

ಸ್ಕೂಟರ್ ಮೋರಿಗೆ ಬಡಿದು ಹಾರಿ ಬಂದು ನನ್ನನ್ನು ಸೀಳಿತು. ಪಿಳ್ಳಣ್ಣ ಓಡಿಬಂದ.

"ಅಯ್ಯೋ ಆಂಜಿನಮ್ಮಾ, ಇತ್ಲಾಗ್ಯಾಕ್ ಬಂದೆ? ನಾನು ನಿಂತಿದ್ನಲ್ಲಾ!"

"ನಿನ್ ಲೈಟ್ ನೋಡ್ಕೊಂಡೇ ಬಂದೆ ಕಣಣ್ಣಾ. ಹೋಗ್ತಾ ಇದೀಯ ಅನ್ಕೊಂಡೆ."

ಅಷ್ಟೇ ಅಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅವಳ ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಎಳೆ ಹಿಡಿಯುತ್ತಿದ್ದವಳು ಈಗ ಬೇರೆಯವರ ನೂಲಿನ ಮನೆಯಲ್ಲಿ ಒಲೆಗೆ ಸೌದೆ ಒಟ್ಟುತ್ತಾಳೆ. ನನ್ನ ಜಾಗಕ್ಕೆ ಹೊಸ ದೀಪ ಬಂತು. ಪಿಳ್ಳಣ್ಣ ನನ್ನನ್ನು ಗುಜರಿಗೆ ಹಾಕದೆ, "ನನಗೆ ನೆನಪಿರ್ಲಿ" ಎಂದು ಕ್ಯಾಬಿನ್ನಿನ ಕನ್ನಡಿಗೆ ತಂತಿಯಿಂದ ಕಟ್ಟಿದ. ಹೀಗೆ ಮುದಿತನದಲ್ಲಿ ಮೊದಲ ಸಲ ಮುಂದಿನ ದಾರಿ ಕಂಡೆ. ಎದುರಿಗೆ ಆಂಜಿನಮ್ಮ ಬಂದರೆ ಪಿಳ್ಳಣ್ಣ ತಲೆ ತಗ್ಗಿಸುತ್ತಾನೆ. ನನಗೆ ತಗ್ಗಿಸಲು ತಲೆಯಾದರೂ ಎಲ್ಲಿದೆ? ನಾಚಿಕೆಯಿಂದ ತೂಗಾಡುತ್ತೇನೆ.

ಮೊನ್ನೆ ಮತ್ತೆ ಅಂಥದ್ದೇ ಮಂಜು. ಪಿಳ್ಳಣ್ಣ ಅದೇ ಕಣಕ್ಕಿಳಿದ. ಗಾಡಿ ನಿಲ್ಲಿಸಿ ದೀಪಗಳನ್ನೆಲ್ಲ ಆರಿಸಿದ. ಹಿಂದಿನ ದೀಪ ಹೊತ್ತಿಕೊಂಡೀತೆಂದು ಬ್ರೇಕಿನ ಮೇಲಿನ ಕಾಲನ್ನೂ ತೆಗೆದ. ಬಿಳುಪಿನೊಳಗೆ ಸುಮ್ಮನೆ ಕೂತೆವು. ಏರಿಯ ಮೇಲಿಂದ ಒಂದು ಸ್ಕೂಟರಿನ ಸದ್ದು, ನಿಧಾನವಾಗಿ, ಹೆಜ್ಜೆಗೊಮ್ಮೆ ಹಾರನ್ ಒತ್ತುತ್ತ ಹತ್ತಿರ ಬಂತು. ಪಿಳ್ಳಣ್ಣ ಕಿಟಕಿಯಾಚೆಗೆ ಕಿವಿಗೊಟ್ಟ.

"ಆಂಜಿನಮ್ಮನ ಗಾಡಿ" ಎಂದ ಪಿಸುಮಾತಿನಲ್ಲಿ. "ಹೋಗವ್ವಾ, ನೆಟ್ಟಗೆ ಹೋಗು."

ಅವಳಿಗೆ ನಾವು ಕಾಣಲಿಲ್ಲ. ಸದ್ದು ಮೋರಿಯ ಕಡೆ ತಿರುಗದೆ, ರಸ್ತೆಯಲ್ಲೇ ನೆಟ್ಟಗೆ ಊರಿನ ಕಡೆ ಹೋಯಿತು.